ಫಿನ್ಲೆಂಡ್ ರ‍್ಯಾಲಿಯಲ್ಲಿ ಜಂಪ್ ನೋಡಲು ಎಲ್ಲಿ ನಿಲ್ಲಬೇಕು?

ಮೊದಲ ಸಲ, ಕಾಡಿನ ಜಲ್ಲಿರಸ್ತೆಗಳಲ್ಲಿ ನಡೆಯುವ ಕಾರು ಸ್ಪರ್ಧೆಯಾದ ಫಿನ್ಲೆಂಡ್ ರ‍್ಯಾಲಿಗೆ ಹೋಗುತ್ತಿದ್ದೀರಿ, ಕಾರು ಹಾರುವುದನ್ನು ಎಲ್ಲಿಂದ ನೋಡಬೇಕು ಅಂತ ಕೇಳಿದ್ದೀರಿ ಅಲ್ವಾ? ನನ್ನ ಆಯ್ಕೆ ಔನಿನ್‌ಪೊಹ್ಯಾ. ಸುಮಾರು 33 ಕಿ.ಮೀ. ಉದ್ದದ ಈ ಸ್ಟೇಜ್ (ಒಂದೊಂದೇ ಕಾರನ್ನು ಬಿಟ್ಟು ಸಮಯ ಅಳೆಯುವ ರಸ್ತೆಯ ಭಾಗ) 2024ರಲ್ಲಿ ಮತ್ತೆ ಬಂತು. ನೀವು ಹೋಗುವ ವರ್ಷದ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಜಾಗದ ವಿಷಯಕ್ಕೆ ಬರೋಣ. ದಿಬ್ಬ ದಾಟಿದ ಮೇಲೆ ಕಾರು ಇಳಿಯುವ ಕಡೆ, ತಿರುವಿನ ಹೊರಬದಿಯಲ್ಲಿ, ದಯವಿಟ್ಟು ನಿಲ್ಲಬೇಡಿ. ಗಾಳಿಯಲ್ಲಿರುವಾಗ ಚಾಲಕ ಬ್ರೇಕ್ ಹಾಕಿದರೂ ಸ್ಟೀರಿಂಗ್ ತಿರುಗಿಸಿದರೂ ಪ್ರಯೋಜನವಿಲ್ಲ. ನೇರವಾಗಿ ಇಳಿಯದಿದ್ದರೆ ಕಾರು ಹೊರಗೇ ಬರುತ್ತದೆ. ರಸ್ತೆಗಿಂತ ಎತ್ತರದ ಜಾಗ, ಪ್ರೇಕ್ಷಕರನ್ನು ತಡೆಯಲು ಕಟ್ಟಿದ ಟೇಪಿನ ಹಿಂದೆ, ಪಕ್ಕದಿಂದ ನೋಡುವಂತಿದ್ದರೆ ಒಳ್ಳೆಯದು. ಹಾರಾಟವೂ ಪೂರ್ತಿ ಕಾಣುತ್ತದೆ. ಮಾರ್ಷಲ್ (ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿ) ಪಕ್ಕಕ್ಕೆ ಸರಿಯಿರಿ ಎಂದರೆ ತಕ್ಷಣ ಸರಿಯಿರಿ. ಜನ ಕೇಳದಿದ್ದರೆ ಸ್ಟೇಜನ್ನೇ ರದ್ದು ಮಾಡುತ್ತಾರೆ.

ಮೊದಲ ಕಾರಿಗಿಂತ ಗಂಟೆಗಳ ಮುಂಚೆಯೇ ರಸ್ತೆ ಮುಚ್ಚುತ್ತಾರೆ, ಆಮೇಲೆ ತುಂಬಾ ನಡೆಯಬೇಕು. ಬೇಗ ಹೊರಡಿ. ಸಡಿಲ ಜಲ್ಲಿಯನ್ನು ಗುಡಿಸುವ ಕೆಲಸ ಮೊದಲು ಹೋಗುವ ಕಾರುಗಳ ಪಾಲಿಗೆ ಬರುತ್ತದೆ, ಆಮೇಲೆ ಬರುವವರಿಗೆ ಜಾಸ್ತಿ ಹಿಡಿತ ಸಿಗುತ್ತದೆ, ಅವರು ಇನ್ನೂ ವೇಗವಾಗಿ ಹೋಗಬಹುದು. ಹಾಗಾಗಿ ಮೊದಲ ನಾಲ್ಕು ಕಾರು ನೋಡಿ ಎದ್ದು ಬರಬೇಡಿ. ಕಾಡಿನಲ್ಲಿ ಕಾಯುವುದು ಕಷ್ಟ ಅನಿಸಿದರೆ ಯುವಾಸ್ಕುಲಾ ನಗರದೊಳಗಿನ ಹಾರ್ಯು ಸ್ಟೇಜ್ ನೋಡಿ. ಅಲ್ಲಿ ದೊಡ್ಡ ಜಂಪ್ ನಿರೀಕ್ಷಿಸಬೇಡಿ, ಆದರೆ ಕಾರುಗಳು ಹತ್ತಿರದಿಂದ ಕಾಣುತ್ತವೆ.