ದಾವೆ ಯಾವ ಊರಾಗ ಹಾಕೂದ್ರಿ?

ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಕೋರ್ಟ್ ಶಿರಸ್ತೇದಾರರೊಬ್ಬರ ಉತ್ತರ

ಪ್ರಶ್ನೆ: ನನ್ನ ತವರುಮನಿ ರೋಣ ತಾಲ್ಲೂಕು, ಕೊಟ್ಟಿದ್ದು ಹುಬ್ಬಳ್ಳಿಗೆ. ಅಪ್ಪ ತೀರಿಕೊಂಡ ಮ್ಯಾಲೆ ಅಣ್ಣಂದಿರು ಪಾಲಿನ ಮಾತ ಎತ್ತವಲ್ಲರು. ಊರಾಗ ಎಂಟು ಎಕರೆ ಎರಿ ಹೊಲ, ಬೆಟಗೇರಿಯೊಳಗ ಒಂದು ಮನಿ, ಉಣಕಲ್ ಕಡೆ ಅಪ್ಪನ ಹೆಸರಿಲೆ ಒಂದು ಪ್ಲಾಟ್ ಐತಿ. ಒಬ್ಬ ಅಣ್ಣ ಗದಗಿನ್ಯಾಗ, ಒಬ್ಬ ಬೆಂಗಳೂರಾಗ. ನಾ ಇರೂದು ಹುಬ್ಬಳ್ಳ್ಯಾಗ, ಅದಕ್ಕ ಇಲ್ಲೇ ಕೇಸ್ ಹಾಕಬಹುದು ಅಂತ ಮಗ್ಗಲಮನಿಯವರು ಅಂತಾರ. ಖರೇ ಏನ್ರಿ?
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ತಂಗೀ, ನಿಮ್ಮ ಮಗ್ಗಲಮನೆಯವರು ಹೇಳಿದ ಊರು ಸರಿ, ಕೊಟ್ಟ ಕಾರಣ ತಪ್ಪು. ಹೊಲ-ಮನೆಯ ದಾವೆಯಲ್ಲಿ ವಾದಿ ಎಲ್ಲಿ ವಾಸ ಇದ್ದಾರೆ ಅನ್ನುವುದನ್ನು ಕೋರ್ಟು ನೋಡುವುದಿಲ್ಲ. ಆಸ್ತಿ ಎಲ್ಲಿದೆಯೋ ಅಲ್ಲಿಗೇ ದಾವೆ ಹೋಗಬೇಕು. ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆಯ 16ನೇ ಕಲಂ ಹೇಳುವುದು ಅದನ್ನೇ. ನಿಮ್ಮನ್ನು ಕಾಯುವುದು ಅದರ ಮುಂದಿನ 17ನೇ ಕಲಂ. ಆಸ್ತಿಗಳು ಬೇರೆ ಬೇರೆ ಕೋರ್ಟುಗಳ ಹದ್ದಿಯಲ್ಲಿ ಹಂಚಿಹೋಗಿದ್ದರೆ, ಯಾವುದಾದರೂ ಒಂದು ತುಂಡು ಇರುವ ಕಡೆ ಎಲ್ಲದರ ಮೇಲೂ ಒಂದೇ ದಾವೆ ಹಾಕಬಹುದು. ಅಂದರೆ ರೋಣ, ಗದಗ, ಹುಬ್ಬಳ್ಳಿ ಮೂರೂ ನಿಮಗೆ ತೆರೆದಿವೆ. ಬೆಂಗಳೂರಿನ ಅಣ್ಣನ ವಿಳಾಸ ಬೇಕಾಗುವುದು ಸಮನ್ಸ್ ಕಳಿಸಲಿಕ್ಕೆ ಅಷ್ಟೇ.

ಹುಬ್ಬಳ್ಳಿಯ ಬಾಗಿಲು ತೆರೆಯುವುದು ಉಣಕಲ್ ಪ್ಲಾಟಿನಿಂದ. ಹಾಗಾಗಿ ಮೊದಲು ಅದರ ಖರೇದಿಪತ್ರ ತೆಗೆದು ನೋಡಿರಿ. ನಿಜಕ್ಕೂ ಅಪ್ಪನ ಹೆಸರಿನಲ್ಲಿದ್ದರೆ ಚಿಂತೆ ಇಲ್ಲ. ಅಣ್ಣ ತನ್ನ ಪಗಾರದಲ್ಲಿ ಕೊಂಡದ್ದನ್ನು ಕೇಸು ಹುಬ್ಬಳ್ಳಿಗೆ ಬರಲಿ ಅಂತ ಷೆಡ್ಯೂಲಿನಲ್ಲಿ (ದಾವೆಯ ಆಸ್ತಿಪಟ್ಟಿಯಲ್ಲಿ) ತುರುಕಿದರೆ, ಎದುರು ವಕೀಲರು ಮೊದಲು ಕೀಳುವುದು ಅದೇ ಮೊಳೆ. ಇಂಥ ದಾವೆಗಳು ನಾನು ಕೂಡುತ್ತಿದ್ದ ಟೇಬಲಿಗೂ ಬರುತ್ತಿದ್ದವು. ಷೆಡ್ಯೂಲಿನ ಕೊನೆಗೆ ಒಂದು ಸಣ್ಣ ಖುಲ್ಲಾ ಜಾಗ ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

ಇನ್ನು ಮೂರರಲ್ಲಿ ಯಾವುದು? ನನ್ನ ಮತ ಹುಬ್ಬಳ್ಳಿಗೇ. ವಾಟ್ನಿ (ಪಾಲಿನ) ದಾವೆ ವರ್ಷಗಟ್ಟಲೆ ನಡೆಯುತ್ತದೆ, ತಾರೀಖಿಗೆ ತಾರೀಖಿಗೆ ಓಡಾಡುವವರು ನೀವು. ಉತಾರ (ಪಹಣಿ), ಡೈರಿ (ಹಕ್ಕು ಬದಲಾವಣೆಯ ನೋಂದಣಿ), ಖರೇದಿಪತ್ರಗಳ ದೃಢೀಕೃತ ನಕಲು ಯಾವ ಕೋರ್ಟಿನಲ್ಲೂ ನಡೆಯುತ್ತವೆ. ಹೊಲ ಮಾರದಂತೆ ತಡೆಯಾಜ್ಞೆಯನ್ನೂ ಇಲ್ಲಿಯೇ ಕೇಳಬಹುದು. ಡಿಕ್ರಿ ಆದ ಮೇಲೆ ಹೊಲ ಅಳೆದು ಹಂಚುವ ಕೆಲಸ 54ನೇ ಕಲಮಿನ ಪ್ರಕಾರ ಗದಗ ಜಿಲ್ಲಾಧಿಕಾರಿಗೆ ಹೋಗುತ್ತದೆ. ರೋಣದಲ್ಲಿ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಆದರೆ ನಿಮ್ಮ ಸಾಕ್ಷಿದಾರರು ಎಲ್ಲರೂ ಊರ ಹಿರಿಯರೇ ಆಗಿದ್ದು, ಹುಬ್ಬಳ್ಳಿ ಬಸ್ಸು ಹತ್ತಲಾರದ ವಯಸ್ಸಿನವರಾದರೆ ರೋಣದ ವಿಚಾರ ಮಾಡಿರಿ.

ಊರು ಗೊತ್ತಾದರೆ ಮುಗಿಯಲಿಲ್ಲ, ಯಾವ ದರ್ಜೆಯ ಕೋರ್ಟು ಅನ್ನುವುದೂ ಇದೆ. ಜೂನಿಯರ್ ಡಿವಿಜನ್ ಕೋರ್ಟಿಗೆ ಬೆಲೆಯ ಮಿತಿ ಉಂಟು, ಸೀನಿಯರ್ ಡಿವಿಜನ್ ಕೋರ್ಟಿಗೆ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಕೇಳುವ ಪಾಲಿನ ಬೆಲೆ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಪಾಲು ಕೇಳಿದರೆ ಕೋರ್ಟ್ ಫೀ ಸ್ಟಾಂಪು ಸಣ್ಣ ನಿಗದಿತ ಮೊತ್ತ. ಫೀ ಸಣ್ಣದು ಅಂತ ಕೋರ್ಟೂ ಸಣ್ಣದು ಎಂದು ತಿಳಿಯುವವರು ಬಹಳ. ಎಂಟು ಎಕರೆ ಎರಿ, ಮನೆ, ಉಣಕಲ್ ಪ್ಲಾಟು ಅಂದಾಗ ನಿಮ್ಮದು ಸೀನಿಯರ್ ಡಿವಿಜನ್ ಕೋರ್ಟಿಗೇ ಹೋದೀತು.

ಇನ್ನೊಂದು ಮಾತು: ತವರಿನ ಆಸ್ತಿ ಒಂದನ್ನೂ ಬಿಡಬೇಡಿ. ಅರ್ಧ ಆಸ್ತಿಗೆ ವಾಟ್ನಿ ಕೇಳಿದರೆ, ಎಲ್ಲ ಆಸ್ತಿ ಸೇರಿಸಿಲ್ಲ ಅನ್ನುವ ತಕರಾರಿನ ಮೇಲೆಯೇ ದಾವೆ ಬೀಳಬಹುದು.

ಪ್ರಶ್ನೆ: ಬ್ಯಾಡಗಿಯೊಳಗ ನಮ್ಮದು ಮೆಣಸಿನಕಾಯಿ ಅಂಗಡಿ. ಹುಬ್ಬಳ್ಳಿ ವ್ಯಾಪಾರಸ್ಥರೊಬ್ಬರು ಯಾರ್ಡಿಗೆ ಬಂದು ಮಾಲು ನೋಡಿ, ಲಾರಿ ತುಂಬಿಕೊಂಡು ಹೋದರು. 4 ಲಕ್ಷ 60 ಸಾವಿರ ಬಾಕಿ. ನಮ್ಮ ಬಿಲ್ಲಿನ ತಳಗ ‘ಎಲ್ಲ ತಕರಾರು ಬ್ಯಾಡಗಿ ಕೋರ್ಟಿನ ವ್ಯಾಪ್ತಿಗೆ’ ಅಂತ ಅಚ್ಚಾಗೇತಿ. ಅವರ ಆಸ್ತಿ ಎಲ್ಲಾ ಹುಬ್ಬಳ್ಳ್ಯಾಗ ಐತಿ. ಎಲ್ಲಿ ಹಾಕೂದು?
(ಓದುಗರು, ಬ್ಯಾಡಗಿ)

ಉತ್ತರ: ಸಾಹುಕಾರ್ರ, ರೊಕ್ಕದ ದಾವೆಗೆ ದಿವಾಣಿ ಸಂಹಿತೆಯ 20ನೇ ಕಲಂ. ಪ್ರತಿವಾದಿ ವಾಸ ಇರುವ ಅಥವಾ ಧಂದೆ ಮಾಡುವ ಊರಲ್ಲಿ ಹಾಕಬಹುದು, ಇಲ್ಲವೇ ವ್ಯವಹಾರದ ಒಂದು ಭಾಗವಾದರೂ ನಡೆದ ಊರಲ್ಲಿ ಹಾಕಬಹುದು. ಮಾಲು ನೋಡಿದ್ದು, ಲಾರಿ ತುಂಬಿದ್ದು ನಿಮ್ಮ ಯಾರ್ಡಿನಲ್ಲಿ. ಆದ್ದರಿಂದ ಆ ಸಾಲು ಅಚ್ಚಾಗಿರದಿದ್ದರೂ ಬ್ಯಾಡಗಿ ಕಡೆಗೆ ಹಕ್ಕು ಇದ್ದೇ ಇತ್ತು.

ಬಿಲ್ಲಿನ ಸಾಲಿಗೆ ಬೆಲೆ ಇದೆ, ಆದರೆ ಅಚ್ಚು ಹಾಕಿಸಿದವರು ತಿಳಿದಷ್ಟು ಇಲ್ಲ. ಎರಡು ಕೋರ್ಟಿಗೆ ಅಧಿಕಾರ ಇದ್ದಾಗ ಒಂದನ್ನು ಆರಿಸಿಕೊಳ್ಳಲು ಒಪ್ಪಂದ ನಡೆಯುತ್ತದೆ. ಅಧಿಕಾರವೇ ಇಲ್ಲದ ಕೋರ್ಟಿಗೆ ಒಪ್ಪಂದದಿಂದ ಅಧಿಕಾರ ಹುಟ್ಟುವುದಿಲ್ಲ. ಸುಪ್ರೀಂ ಕೋರ್ಟು 1971ರಲ್ಲೇ ಇದನ್ನು ಹೇಳಿದೆ. ಮುಂಬೈ ಪಾರ್ಟಿಯೊಬ್ಬರು ಗದಗಿನಲ್ಲಿ ವ್ಯಾಪಾರ ಮಾಡಿ ಬಿಲ್ಲಿನಲ್ಲಿ ‘ಕೋಲ್ಕತ್ತಾ’ ಅಂತ ಹಾಕಿಸಿದರೆ ಅದು ಶಾಯಿ ದಂಡ. ಮತ್ತೆ, ಬಿಲ್ಲಿನ ಮೇಲೆ ಖರೀದಿದಾರರ ಸಹಿ ಇದೆಯೇ ನೋಡಿರಿ. ಸಹಿ ಇಲ್ಲದ ಬಿಲ್ಲಿನ ಅಚ್ಚು ಒಪ್ಪಂದ ಹೇಗಾಯಿತು ಎಂದು ಅವರು ಕೇಳಿಯೇ ಕೇಳುತ್ತಾರೆ.

ಸಹಿ ಇದ್ದರೆ ಇನ್ನೊಂದು ತಮಾಷೆ: ನೀವು ಹಾಕಿಸಿದ ಸಾಲು ನಿಮ್ಮನ್ನೂ ಕಟ್ಟುತ್ತದೆ. ನಾಳೆ ಹುಬ್ಬಳ್ಳಿಗೆ ಹೋದರೆ ಅವರೇ ಆ ಬಿಲ್ಲು ತೋರಿಸಿ ತಕರಾರು ತೆಗೆಯಬಹುದು. ಆಸ್ತಿ ಹುಬ್ಬಳ್ಳಿಯಲ್ಲಿದೆ ಅನ್ನುವುದಕ್ಕೆ ಹೆದರಬೇಡಿ. ನಿಮ್ಮ ಊರಿನ ಕಡೆ ಸಿಕ್ಕ ಡಿಕ್ರಿಯನ್ನು ಜಾರಿಗಾಗಿ ಹುಬ್ಬಳ್ಳಿ ಕೋರ್ಟಿಗೆ ವರ್ಗ ಮಾಡಿಸಬಹುದು. ಒಂದಿಷ್ಟು ತಿಂಗಳು ಹೆಚ್ಚು ಹಿಡಿಯುತ್ತದೆ ನೋಡ್ರಿ.

ಆದರೆ ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದದ್ದು ಮೊತ್ತದ ಕೆಳಗೆ. ವ್ಯಾಪಾರಸ್ಥರ ನಡುವಿನ ವ್ಯಾಜ್ಯದ ಮೊತ್ತ 3 ಲಕ್ಷಕ್ಕೆ ಕಡಿಮೆ ಇಲ್ಲದಿದ್ದರೆ 2015ರ ವಾಣಿಜ್ಯ ನ್ಯಾಯಾಲಯ ಕಾಯ್ದೆ ಬಂದು ಕೂಡುತ್ತದೆ. ಆಗ ತಾಲ್ಲೂಕಿನ ಸಾದಾ ದಿವಾಣಿ ಕೋರ್ಟು ಬಿಟ್ಟು, ಹಾವೇರಿ ಜಿಲ್ಲೆಗೆ ಗೊತ್ತುಪಡಿಸಿದ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ತುರ್ತು ತಡೆಯಾಜ್ಞೆಯಂಥದ್ದು ಬೇಕಿಲ್ಲದಿದ್ದರೆ ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಹಾಕದೆ ತಂದ ದಾವೆ ತಿರಸ್ಕಾರ ಆಗುತ್ತದೆ. ಮಾಲಿನ ರೊಕ್ಕಕ್ಕೆ ದಾವೆ ಹಾಕುವ ವಾಯಿದೆ 3 ವರ್ಷ. ಮಧ್ಯಸ್ಥಿಕೆಯಲ್ಲಿ ಹೋದ ದಿನಗಳನ್ನು ಅದರಲ್ಲಿ ಹಿಡಿಯುವುದಿಲ್ಲ.

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ಸಾಲ ವಸೂಲಿ ದಾವೆ ಹಾಕಿದ್ದೇವೆ. ನಮ್ಮ ಸಾಕ್ಷಿ ಮುಗಿದ ಮೇಲೆ ಎದುರಿನವರು ‘ಇದು ಹರಿಹರ ಕೋರ್ಟಿನ ಕೇಸು’ ಎನ್ನುತ್ತಿದ್ದಾರೆ. ಎಲ್ಲ ನೀರಲ್ಲಿ ಹೋಮವೇ?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಊರಿನ ಹದ್ದಿಯ ತಕರಾರನ್ನು ಮೊದಲ ಅವಕಾಶದಲ್ಲೇ, ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ರೂಪಿಸುವುದರೊಳಗೆ ಎತ್ತಬೇಕು. ಅವರ ಕೈಫಿಯತ್ತು (ದಾವೆಗೆ ಕೊಟ್ಟ ಲಿಖಿತ ಉತ್ತರ) ತೆಗೆದು ಓದಿರಿ. ಅದರಲ್ಲಿ ಈ ಮಾತು ಇಲ್ಲದಿದ್ದರೆ ನಿಮ್ಮ ವಕೀಲರು ದಿವಾಣಿ ಸಂಹಿತೆಯ 21ನೇ ಕಲಂ ಹಿಡಿದು ವಾದಿಸಲಿ. ಮೊದಲೇ ಎತ್ತಿದ್ದರೆ, ಕೋರ್ಟೂ ಒಪ್ಪಿದರೆ, ದಾವಾ ಅರ್ಜಿ ನಿಮ್ಮ ಕೈಗೆ ವಾಪಸ್ ಬರುತ್ತದೆ. ಅದನ್ನು ಹರಿಹರದಲ್ಲಿ ಹಾಕಬಹುದು, ಆದರೆ ವಿಚಾರಣೆ ಮೊದಲಿನಿಂದ. ಪ್ರಾಮಾಣಿಕವಾಗಿ ನಡೆಸಿದ್ದರೆ ಇಲ್ಲಿ ಕಳೆದ ಕಾಲವನ್ನು ವಾಯಿದೆಯಿಂದ ಬಿಡಲು 1963ರ ಕಾಲಮಿತಿ ಕಾಯ್ದೆಯ 14ನೇ ಕಲಮಿನಲ್ಲಿ ಕೇಳಬಹುದು. ವಾಪಸ್ ಕೊಟ್ಟ ತಾರೀಖಿನ ಷರಾ ಅರ್ಜಿಯ ಮೇಲೆ ಇದೆಯೇ ಎಂದು ನೋಡಿಕೊಂಡೇ ಹೊರಗೆ ಬನ್ನಿರಿ.

ಪ್ರಶ್ನೆ: ಕುಂದಗೋಳ ತಾಲ್ಲೂಕಿನ ನಮ್ಮ ಹೊಲದ ಮಾಲೀಕತ್ವದ ಬಗ್ಗೆ ದಾವೆ ಹಾಕಬೇಕು. ಬೆಲೆ ಕಡಿಮೆಯೇ. ದೊಡ್ಡ ಕೋರ್ಟು ಅಂತ ಧಾರವಾಡ ಜಿಲ್ಲಾ ಕೋರ್ಟಿಗೇ ಹೋದರೆ?
(ಓದುಗರು, ಕುಂದಗೋಳ)

ಉತ್ತರ: ನಡೆಯುವುದಿಲ್ಲ. ಅಧಿಕಾರ ಇರುವ ಕೋರ್ಟುಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲೇ ದಾವೆ ಹೂಡಬೇಕೆಂಬುದು ದಿವಾಣಿ ಸಂಹಿತೆಯ 15ನೇ ಕಲಂ. ಕುಂದಗೋಳದಲ್ಲೇ ಹಾಕಿರಿ. ಸೋತರೆ ಮೇಲಿನ ಕೋರ್ಟಿಗೆ ಅಪೀಲು ಇದೆ.