ಕರೆಂಟ್ ಹೋಗಿ ಬಂದಾಗೆಲ್ಲ ಅದೇ ವಾರ್ನಿಂಗ್!

ಪ್ರಶ್ನೆ: ಸಾರ್, ಚಿಕ್ಕಮಗಳೂರಲ್ಲಿ ನಮ್ದೊಂದು ಸಣ್ಣ ಆಫೀಸು, ನಾಲ್ಕೈದು ಹೋಂಸ್ಟೇಗಳ ಬುಕಿಂಗ್ ನೋಡ್ಕೋತೀವಿ. 4 ಜಿಬಿ ರ‍್ಯಾಮಿನ ಒಂದೇ ಲಿನಕ್ಸ್ ಮೆಷೀನಲ್ಲಿ ರೆಡಿಸ್ಸೂ (ಡೇಟಾನ ಮೆಮೊರೀಲೇ ಇಟ್ಕೊಳ್ಳೋ ಸ್ಟೋರ್) ಪೋಸ್ಟ್‌ಗ್ರೆಸ್ಸೂ (ಡೇಟಾಬೇಸ್) ಓಡ್ತಿವೆ. ರೆಡಿಸ್ ಶುರುವಾದಾಗೆಲ್ಲ ಓವರ್‌ಕಮಿಟ್ ಮೆಮೊರಿ ಸೊನ್ನೆ ಇದೆ, ಬ್ಯಾಕ್‌ಗ್ರೌಂಡ್ ಸೇವ್ ಫೇಲ್ ಆಗ್ಬಹುದು ಅಂತ ವಾರ್ನಿಂಗ್. ಒಬ್ರು ಹೇಳಿದ್ರು ಅಂತ 1 ಮಾಡಿದ್ವಿ, ಹೋಯ್ತು, ಮಳೆಗೆ ಕರೆಂಟ್ ಹೋಗಿ ಮೆಷೀನ್ ರೀಸ್ಟಾರ್ಟ್ ಆದ್ಮೇಲೆ ಮತ್ತೆ ಅದೇ ರಾಗ. ಹೋದ ಶನಿವಾರ ಅಂತೂ ಮಿಸ್‌ಕಾನ್ಫ್ ಅಂತ ಎರರ್ ಬಂದು ಹೊಸ ಬುಕಿಂಗೇ ತಗೊಳ್ಲಿಲ್ಲ. ಇನ್ನೊಬ್ರು 2 ಹಾಕಿ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಓವರ್‌ಕಮಿಟ್ ಅಂದ್ರೆ ನಿಮ್ಮ ಓವರ್‌ಬುಕಿಂಗೇ ಮಾರಾಯ್ರೆ. ಮೆಮೊರಿ ಕೇಳಿದ ಪ್ರೋಗ್ರಾಮೆಲ್ಲ ಕೇಳಿದಷ್ಟನ್ನೂ ಬಳಸಲ್ಲ ಅಂತ ಕರ್ನಲ್ಲಿಗೆ, ಅಂದ್ರೆ ಲಿನಕ್ಸಿನ ತಿರುಳಿಗೆ, ಗೊತ್ತು, ಅದಕ್ಕೇ ಇರೋದಕ್ಕಿಂತ ಜಾಸ್ತಿಗೂ ಒಪ್ಕೊಂಡ್ಬಿಡುತ್ತೆ. 0 ಇದ್ರೆ ಅಂದಾಜು ನೋಡಿ, ತೀರಾ ಅತಿ ಅನ್ಸಿದ್ದಕ್ಕೆ ಇಲ್ಲ ಅನ್ನುತ್ತೆ. 1 ಅಂದ್ರೆ ಎಲ್ಲದಕ್ಕೂ ಹೂಂ. 2 ಅಂದ್ರೆ ಪಕ್ಕಾ ಲೆಕ್ಕ, ಮಿತಿ ದಾಟಿದ್ರೆ ಬಾಗಿಲು ಬಂದ್.

ರೆಡಿಸ್ ಡಿಸ್ಕಿಗೆ ಸೇವ್ ಮಾಡೋವಾಗ ಫೋರ್ಕ್ ಅಂತ ತನ್ನದೇ ಇನ್ನೊಂದು ಪ್ರತಿ ಎಬ್ಬಿಸುತ್ತೆ, ಕಾಗದದ ಮೇಲೆ ಮೆಮೊರಿ ಡಬಲ್, ಆದ್ರೆ ನಿಜವಾಗಿ ಕಾಪಿ ಆಗೋದು ಆ ಹೊತ್ತಲ್ಲಿ ಬದಲಾದ ಪೇಜುಗಳು, ಅಂದ್ರೆ ಮೆಮೊರಿಯ ಚೂರುಗಳಷ್ಟೇ. ಕಾಗದ ನೋಡಿ ಕರ್ನಲ್ ಬೇಡ ಅಂದ್ರೆ ಸೇವ್ ಫೇಲು, ಸೇವ್ ಫೇಲಾದ್ರೆ ಡೀಫಾಲ್ಟಾಗಿ ರೆಡಿಸ್ ಹೊಸದೇನನ್ನೂ ಬರ‍್ಕೊಳ್ಳಲ್ಲ. ನಿಮ್ಮ ಶನಿವಾರದ ಕಥೆ ಬಹುಶಃ ಇದೇ. ಬಹುಶಃ ಯಾಕಂದ್ರೆ ಡಿಸ್ಕ್ ತುಂಬಿದ್ರೂ ಅದೇ ಎರರ್ ಬರುತ್ತೆ, ಲಾಗಲ್ಲಿ ಫೋರ್ಕ್ ಅನ್ನೋ ಸಾಲಿದ್ಯಾ ನೋಡ್ಕೊಳ್ಳಿ.

ಕಮಾಂಡಲ್ಲಿ ಮಾಡಿದ್ದು ರೀಸ್ಟಾರ್ಟ್ ತನಕ ಮಾತ್ರ. /etc/sysctl.d ಫೋಲ್ಡರಲ್ಲಿ .conf ಅಂತ ಮುಗಿಯೋ ಒಂದು ಫೈಲಲ್ಲಿ vm.overcommit_memory=1 ಅಂತ ಬರೆದಿಡಿ. ರೆಡಿಸ್ಸನ್ನ ಡಾಕರಿನ ಕಂಟೇನರಲ್ಲಿ, ಅಂದ್ರೆ ಪ್ರತ್ಯೇಕ ಪೆಟ್ಟಿಗೆಯಂಥದ್ರಲ್ಲಿ, ಓಡಿಸ್ತಿದ್ರೆ ಅದರೊಳಗಲ್ಲ, ಹೊರಗಿನ ಮೆಷೀನಲ್ಲೇ.

2 ಅಂದೋರು ಸುಳ್ಳು ಹೇಳಿಲ್ಲ, ಪೋಸ್ಟ್‌ಗ್ರೆಸ್‌ನ ಕೈಪಿಡಿಯಲ್ಲೇ ಆ ಸಲಹೆ ಇದೆ. ಆದ್ರೆ ಇದು ಇಡೀ ಮೆಷೀನಿಗೆ ಒಂದೇ ಸೆಟ್ಟಿಂಗು, 2 ಹಾಕಿದ್ರೆ ರೆಡಿಸ್ಸಿನ ಫೋರ್ಕು ಇನ್ನೂ ಸಿಕ್ಕಾಕ್ಕೊಳುತ್ತೆ. ನಿಮಗೆ 1 ಸಾಕು, ಆದ್ರೆ ಬರೀ 1 ಹಾಕಿ ಸುಮ್ನಾಗ್ಬೇಡಿ. ಬುಕ್ ಮಾಡಿದೋರೆಲ್ಲ ಒಟ್ಟಿಗೆ ಬಂದು ನಿಂತ್ರೆ ಕರ್ನಲ್ ಯಾರನ್ನೋ ಒಬ್ರನ್ನ ಕತ್ತು ಹಿಡಿದು ಆಚೆ ಹಾಕುತ್ತೆ, ಅದು ಪೋಸ್ಟ್‌ಗ್ರೆಸ್ಸೇ ಆಗಿದ್ರೆ? 64 ಬಿಟ್ ಮೆಷೀನಲ್ಲಿ ಡೀಫಾಲ್ಟಾಗಿ ರೆಡಿಸ್ಸಿಗೆ ಮೆಮೊರಿ ಮಿತಿನೇ ಇರಲ್ಲ, ಮ್ಯಾಕ್ಸ್‌ಮೆಮೊರಿ 1 ಜಿಬಿ ಅಂತ ಕಟ್ಟಿ. ಪೋಸ್ಟ್‌ಗ್ರೆಸ್ಸಿನ ಶೇರ್ಡ್ ಬಫರ್ಸೂ (ಅದು ಡೇಟಾ ಇಟ್ಕೊಳ್ಳೋ ಮೆಮೊರಿ) ಒಟ್ಟು ರ‍್ಯಾಮಿನ ಕಾಲು ಭಾಗ, ಅಂದ್ರೆ 1 ಜಿಬಿ ದಾಟದೇ ಇರ್ಲಿ.

ಮಿತಿ ತುಂಬಿದಾಗ ಬಹಳ ಹೊತ್ತಿಂದ ಮುಟ್ಟದೇ ಇರೋದನ್ನ ಎಸಿಯೋ ಆಲ್‌ಕೀಸ್ ಎಲ್‌ಆರ್‌ಯು ಪಾಲಿಸಿ ಹಾಕ್ತೀರಾದ್ರೆ ಮೊದ್ಲು ಒಂದು ನೋಡಿ, ರೆಡಿಸ್ಸಲ್ಲಿರೋದು ಬರೀ ಕ್ಯಾಷ್ (cache, ಬೇಗ ಸಿಗ್ಲಿ ಅಂತ ಇಟ್ಟ ನಕಲು) ತಾನೇ? ಅಸಲಿ ಬುಕಿಂಗೇ ಅಲ್ಲಿದ್ರೆ ಅದನ್ನೂ ಎಸೆದ್ಬಿಡುತ್ತೆ, ಅವನ್ನ ಪೋಸ್ಟ್‌ಗ್ರೆಸ್ಸಿಗೆ ಸಾಗ್ಸಿ.

ಹಾಂ, ಆ ಮೆಷೀನಿಗೊಂದು ಯುಪಿಎಸ್ ಹಾಕ್ಸಿ, ನಿಮ್ಮೂರ ಮಳೇಲಿ ಅದಿಲ್ದೆ ಡೇಟಾಬೇಸ್ ಓಡ್ಸೋದಾ!