ಸರ್ಕಾರ ಡೇಟಾ ತೆರೆದಿಟ್ಟರೆ ಹೊಸ ಐಡಿಯಾಗಳು ನಿಜಕ್ಕೂ ಹುಟ್ಟುತ್ತವಾ?

ಹುಟ್ಟುತ್ತವೆ, ಆದರೆ ಮೇಲಿರುವವರಿಗೆ ಡೇಟಾದ ಬೆಲೆ ಗೊತ್ತಿರಬೇಕು. 2020ರ ಫೆಬ್ರವರಿಯ ತೈವಾನ್ ನೋಡಿ. ಮಾಸ್ಕಿಗೆ ಪರದಾಟ. ಅಲ್ಲಿನ ತೈನಾನ್ ನಗರದ ಒಬ್ಬ ಪ್ರೋಗ್ರಾಮರ್, ಯಾವ ಅಂಗಡಿಯಲ್ಲಿ ಸ್ಟಾಕ್ ಇದೆ ಅಂತ ತೋರಿಸುವ ಮ್ಯಾಪ್ ಮಾಡಿದರು. ಜನ ಮುಗಿಬಿದ್ದರು. ಡಿಜಿಟಲ್ ಸಚಿವರಾಗಿದ್ದ ಆಡ್ರಿ ಟ್ಯಾಂಗ್ ಇದನ್ನು ಗಮನಿಸಿದರು. ಸರ್ಕಾರದ್ದೇ ಒಂದು ಆ್ಯಪ್ ಮಾಡಿಸಿ ಸುಮ್ನೆ ಕೂರಬಹುದಿತ್ತು, ಅಲ್ವಾ? ಹಾಗೆ ಮಾಡದೆ, ಸುಮಾರು 6,000 ಔಷಧಿ ಅಂಗಡಿಗಳ ಸ್ಟಾಕ್ ಲೆಕ್ಕವನ್ನು ಎಲ್ಲರಿಗೂ ತೆರೆದಿಡಲಾಯಿತು. ಕೆಲವೇ ದಿನಗಳಲ್ಲಿ ಹತ್ತಾರು ಆ್ಯಪ್ ಬಂದವು. ಕಣ್ಣು ಕಾಣದವರಿಗೆ ಮಾತಿನಲ್ಲೇ ಸ್ಟಾಕ್ ಹೇಳುವಂಥವೂ ಇದ್ದವು.

ಎಡವಟ್ಟೂ ಆಯಿತು. ಕೆಲವು ಅಂಗಡಿಗಳು ಬೆಳಗ್ಗೆಯೇ ಟೋಕನ್ ಹಂಚಿ, ಮಾರಾಟವನ್ನು ಆಮೇಲೆ ದಾಖಲಿಸುತ್ತಿದ್ದವು. ಮ್ಯಾಪಿನಲ್ಲಿ ಮಾಸ್ಕ್ ಇದೆ, ಅಂಗಡಿಗೆ ಹೋದರೆ ಇಲ್ಲ! ಕೊನೆಗೆ, ಟೋಕನ್ ಮುಗಿದ ಕೂಡಲೇ ಅಂಗಡಿಯವರೇ ತಮ್ಮ ಅಂಗಡಿಯನ್ನು ಮ್ಯಾಪಿನಿಂದ ಮರೆಮಾಡುವ ವ್ಯವಸ್ಥೆ ಬಂತು.